ಕತ್ಬರ್ಟ್ ಹೆಸ್ಲಪನ ಕಿವಿ

ಫ್ರಾನ್ಸಿನ ಯುದ್ಧಭೂಮಿಯಲ್ಲಿ, ನಲವತ್ತು ಅಡಿ ಸೀಮೆಸುಣ್ಣದ ಬಂಡೆಯ ಆಚೆ ಜರ್ಮನ್ ಸಿಪಾಯಿಯೊಬ್ಬ ಗಡ್ಡ ಕೆರೆದುಕೊಂಡರೆ, ಕತ್ಬರ್ಟ್ ಹೆಸ್ಲಪ್ ಈಚೆ ಕೂತೇ ಅದು ಎಷ್ಟು ದಿನದ ಗಡ್ಡ ಎಂದು ಹೇಳುತ್ತಿದ್ದನಂತೆ. ಕೆಲ್ಡರ್‌ಲಾ ಎಂಬ ಇಂಗ್ಲಿಷ್ ಕಲ್ಲಿದ್ದಲ ಗಣಿಹಳ್ಳಿಯಲ್ಲಿ ಇದು ಹಳೆಯ ಮಾತು. ಕಾರ್ಮಿಕರ ಕ್ಲಬ್ಬಿನಲ್ಲಿ ಮೊದಲ ಲೋಟ ಬಿಯರಿಗೆ ಬರುವುದು ಈ ಗಡ್ಡ. ಎರಡನೆಯ ಲೋಟಕ್ಕೆ, ಆ ಸಿಪಾಯಿ ಮಧ್ಯಾಹ್ನ ಉಂಡದ್ದು ಎಲೆಕೋಸೋ ಬಟಾಣಿಯೋ ಎಂಬುದೂ ಹೊಟ್ಟೆಯ ಗುಡುಗುಡಿನಿಂದಲೇ ಅವನಿಗೆ ಗೊತ್ತಾಗುತ್ತಿತ್ತು. ಮೂರನೆಯದರ ಹೊತ್ತಿಗೆ ಬರ್ಲಿನ್ನಿನ ಅರಮನೆಯ ನಿಟ್ಟುಸಿರು ಕೂಡ ಅವನ ಕಿವಿಯಿಂದ ತಪ್ಪಿಸಿಕೊಂಡದ್ದಿಲ್ಲ. ಪ್ರಾರ್ಥನಾಮಂದಿರದ ಉಪದೇಶಿ ವರ್ಷಕ್ಕೆರಡು ಸಲ ಈ ಕಿವಿಯನ್ನು ದೇವರ ಔದಾರ್ಯಕ್ಕೆ ಉದಾಹರಣೆಯಾಗಿ ಬಳಸಿಕೊಳ್ಳುತ್ತಾನೆ.

ಇದರಲ್ಲಿ ತಿದ್ದಬೇಕಾದದ್ದು ಸ್ವಲ್ಪವೇ. ಕತ್ಬರ್ಟನ ಎಡಗಿವಿ 1908ರಲ್ಲಿಯೇ ಸತ್ತಿತ್ತು. ಕೆಲ್ಡರ್‌ಲಾ ಗಣಿಯ ಮೂರನೆಯ ಕಲ್ಲಿದ್ದಲ ಪದರದಲ್ಲಿ ಹಾರಿಸಿದ ಸಿಡಿಮದ್ದೊಂದು ಅದನ್ನು ಕೊಂಡೊಯ್ದಿತ್ತು. ಬಲಗಿವಿ ಬದುಕಿತ್ತಾದರೂ ನಿವೃತ್ತಿಗೆ ಬಂದ ಗುಮಾಸ್ತನಂತೆ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ಊಟಕ್ಕೆ ಕರೆಯಬೇಕಾದರೆ ಅವನ ಹೆಂಡತಿ ಹಾನಾ ಕೂಗುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲೆ ಸೌಟಿನಿಂದ ಮೂರು ಸಲ ಬಡಿಯುತ್ತಿದ್ದಳು. ಮೇಜಿಗೆ ಮೊಣಕೈ ಊರಿ ಕೂತವನಿಗೆ ಅದು ಮೂಳೆಯ ದಾರಿಯಾಗಿ ಮುಟ್ಟುತ್ತಿತ್ತು. ಬಡಿತವೊಂದನ್ನು ಮಾತ್ರ ಕತ್ಬರ್ಟ್ ಎಂದೂ ತಪ್ಪಿಸಿಕೊಂಡವನಲ್ಲ. ಅವನ ಕೀರ್ತಿಯ ಬೇರೂ, ಅವನನ್ನು ಗುಂಡಿನ ಬಾಯಿಗೆ ಒಡ್ಡಬಹುದಾಗಿದ್ದ ತಪ್ಪಿನ ಬೇರೂ ಅಲ್ಲಿಯೇ ಇದ್ದವು.

ಯಾವ ದೇಶದ ಗಣಿಯಲ್ಲಾದರೂ ಎರಡು ಕಡೆಯಿಂದ ದಾರಿ ಕೊರೆಯುತ್ತ ಬಂದು ನಡುವೆ ಕೂಡಿಸುವುದು ನಿತ್ಯದ ಕೆಲಸ. ನಡುವಿನ ಕಲ್ಲಿದ್ದಲಿನ ಗೋಡೆ ತೆಳುವಾಗುತ್ತ ಬಂದಂತೆ ಒಬ್ಬ ಪಿಕಾಸಿಯಿಂದ ಮೂರು ಸಲ ನಿಧಾನವಾಗಿ ಬಡಿಯುತ್ತಾನೆ. ನಾನು ಇಲ್ಲಿದ್ದೇನೆ, ನೀನು ಎಲ್ಲಿ ಎಂದು ಅದರ ಅರ್ಥ. ಆಚೆಯವನು ಮೂರು ಬಡಿದು ಉತ್ತರ ಕೊಡುತ್ತಾನೆ. ಮದ್ದು ಹಾರಿಸುವ ಮುನ್ನ ಬಡಿಯುವ ಬಡಿತ ಬೇರೆ. ಮೊದಲು ಒಂದು, ಕೊಂಚ ತಡೆದು ಬಿರುಸಾಗಿ ಆರು. ಅದರ ಅರ್ಥ: ಹಿಂದೆ ಸರಿ. ಬಡಿಯದೆ ಮದ್ದು ಹಾರಿಸಿದವನ ಜೊತೆ ಕೆಲ್ಡರ್‌ಲಾದಲ್ಲಿ ಯಾರೂ ಕುಡಿಯಲು ಕೂರುವುದಿಲ್ಲ; ಅವನು ಪಂದ್ಯಕ್ಕೆಂದು ಸಾಕಿದ ಪಾರಿವಾಳ ತಪ್ಪಿಸಿಕೊಂಡು ಬಂದರೆ ಹಿಂದಿರುಗಿಸುವುದೂ ಇಲ್ಲ. ಕತ್ಬರ್ಟನ ತಂದೆ ಸತ್ತದ್ದು ಹಾಗೆ ಒಬ್ಬ ಬಡಿಯದೆ ಹಾರಿಸಿದ ಮದ್ದಿನಿಂದ. ಹಾರಿಸಿದವನು ವರ್ಷದೊಳಗೆ ಊರು ಬಿಟ್ಟ. ಓಡಿಸಿದವರಾರೂ ಇರಲಿಲ್ಲ; ಮಾತನಾಡಿಸುವವರು ಇರಲಿಲ್ಲ, ಅಷ್ಟೆ.

1915ರ ಚಳಿಗಾಲದಲ್ಲಿ ಸೈನ್ಯಕ್ಕೆ ಗಣಿಯವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಕಂದಕಗಳಲ್ಲಿ ಎದುರುಬದುರಾಗಿ ಕೂತ ಎರಡು ಸೈನ್ಯಗಳೂ ನೆಲದ ಮೇಲೆ ಒಂದು ಗಜ ಮುಂದೆ ಹೋಗಲಾರದೆ ನೆಲದ ಕೆಳಗೆ ಹೋಗಲು ನಿಶ್ಚಯಿಸಿದ್ದವು. ಶತ್ರುವಿನ ಕಂದಕದ ಅಡಿಯವರೆಗೆ ಸುರಂಗ ಕೊರೆದು, ಮದ್ದು ತುಂಬಿ, ಅವನನ್ನು ಮೋಡಕ್ಕೆ ಕಳಿಸುವುದು ಹೊಸ ಯುದ್ಧಕಲೆ. ಹಾನಾಳ ತಮ್ಮ ಸೆಪ್ಟಿಮಸ್ ಲಿಡಲ್ ಮೊದಲ ದಿನವೇ ಹೆಸರು ಬರೆಸಿದ. ಏಳನೆಯ ಮಗನ ಹೊತ್ತಿಗೆ ತಂದೆತಾಯಿಗೆ ಹೆಸರುಗಳು ಮುಗಿದು ಲ್ಯಾಟಿನ್ ಭಾಷೆಯ ಸಂಖ್ಯೆಯನ್ನೇ ಇಟ್ಟಿದ್ದರು. ಊರು ಅವನನ್ನು ಸೆಪ್ ಎನ್ನುತ್ತಿತ್ತು. ಆ ಸಂಜೆ ಹಾನಾ ಮೇಜು ಬಡಿದಳು.

"ಅವ್ನು ಹೇಳಿದ್ರೆ ಕೇಳೋನಲ್ಲ. ನೀನೂ ಹೋಗು."

"ಎಲ್ಲಿಗೆ?"

"ಯುದ್ಧಕ್ಕೆ! ಹತ್ತು ಬೆರಳಿನ ಸಮೇತ ಅವ್ನನ್ನ ವಾಪಸ್ ಕರ್ಕೊಂಡು ಬಾ. ಸಾಯೋವಾಗ ನಮ್ಮಮ್ಮನಿಗೆ ಮಾತು ಕೊಟ್ಟಿದೀನಿ."

"ನನ್ನ ಬೆರಳು?"

"ನಿನ್ನ ಬೆರಳಿನ ವಿಷ್ಯ ನಮ್ಮಮ್ಮ ಏನೂ ಹೇಳ್ಲಿಲ್ಲ."

ಕತ್ಬರ್ಟನಿಗೆ ಆಗ ನಲವತ್ತೆರಡು. ಸೈನ್ಯದ ವೈದ್ಯ ಅವನ ಕಿವಿಯೊಳಗೆ ಇಣುಕಿ, ಎರಡರಲ್ಲೂ ಸಮಾನವಾಗಿ ಕಲ್ಲಿದ್ದಲ ಪುಡಿ ಇರುವುದನ್ನು ಕಂಡು, ನಿಜವಾದ ಗಣಿಯವನೆಂದು ತೀರ್ಮಾನಿಸಿ ಮುದ್ರೆ ಒತ್ತಿದ.

ಫ್ರಾನ್ಸಿನ ಉತ್ತರದಲ್ಲಿ ಅವರಿಗೆ ದಕ್ಕಿದ್ದು ಸೀಮೆಸುಣ್ಣದ ದಿಬ್ಬ. ಸೆಪ್ ಮತ್ತು ಅವರದೇ ಡರ್ಹಮ್ ಸೀಮೆಯ ಇನ್ನೂ ಆರು ಮಂದಿ ಸುರಂಗದ ತುದಿಯಲ್ಲಿ ಅಗೆಯುವವರು. ಅಗೆತಕ್ಕೆ ನಿಧಾನದವನಾದ ಕತ್ಬರ್ಟನನ್ನು ಆಲಿಸುವವನನ್ನಾಗಿ ಮಾಡಿದರು. ಏಣಿಯಲ್ಲಿ ಇಳಿಯುವ ಬಾವಿಯಂಥ ಗುಂಡಿಗೂ ಸುರಂಗದ ತುದಿಗೂ ನಡುವೆ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂತು, ಶತ್ರು ಎಲ್ಲಿ ಅಗೆಯುತ್ತಿದ್ದಾನೆಂದು ಕೇಳಿಸಿಕೊಂಡು, ಗಂಟೆಗೊಮ್ಮೆ ವರದಿಯ ನಮೂನೆ ತುಂಬುವುದು ಅವನ ಕೆಲಸ. ಈ ಆಯ್ಕೆ ಲೆಫ್ಟಿನೆಂಟ್ ಪೆನ್‌ಹಾಲೋನದು. ಕೋಲಾರದ ಚಿನ್ನದ ಗಣಿಯ ಬಾಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಮೂರು ವರ್ಷ ನಿಂತದ್ದೇ ಈ ಇಪ್ಪತ್ತೈದರ ಯುವಕನ ಗಣಿ ಅನುಭವ. ಸಾಲಿನಲ್ಲಿ ನಿಂತ ಎಲ್ಲರೂ ಗೊಣಗುವಾಗ ಕತ್ಬರ್ಟನೊಬ್ಬನೇ ಮುಖ ಅಲುಗಿಸದೆ ದಿಗಂತ ನೋಡುತ್ತ ನಿಂತಿದ್ದುದನ್ನು ಅವನು ಗಮನಿಸಿದ್ದ. ಸುಮ್ಮನಿರುವವನನ್ನು ಸೂಕ್ಷ್ಮಜ್ಞನೆಂದು ತಿಳಿಯುವ ರೋಗ ಸೈನ್ಯಕ್ಕೆ ಮಾತ್ರ ಇರುವುದಲ್ಲ. ಆದರೆ ಅಲ್ಲಿ ಅದಕ್ಕೆ ಬಡ್ತಿ ಕೊಡುವ ಅಧಿಕಾರವೂ ಇರುತ್ತದೆ.

ಆಲಿಸಲು ಕೊಟ್ಟ ಸಲಕರಣೆಯಲ್ಲಿ ಎರಡು ಮರದ ಡಬ್ಬಿ, ಎರಡು ರಬ್ಬರಿನ ಕೊಳವೆ. ಕತ್ಬರ್ಟನಿಗೆ ಅದರಲ್ಲಿ ಕೇಳಿಸಿದ್ದು ಶೂನ್ಯ. ಗಣಿಯ ಹಳೆಯ ಉಪಾಯದಂತೆ ಅವನು ಪಿಕಾಸಿಯ ಮೊನೆಯನ್ನು ಬಂಡೆಗೆ ಒತ್ತಿ, ಮರದ ಕಾವನ್ನು ಹಲ್ಲಿನಲ್ಲಿ ಕಚ್ಚಿ ಕೂರುತ್ತಿದ್ದ. ಗಟ್ಟಿಯಾದ ಬಡಿತ ಬಿದ್ದರೆ ಹಲ್ಲಿಗೆ ತಿಳಿಯುತ್ತಿತ್ತು. ಎರಡು ತಿಂಗಳು ಹಲ್ಲಿಗೂ ಏನೂ ತಿಳಿಯಲಿಲ್ಲ. ಆದರೆ ಖಾಲಿ ನಮೂನೆಯನ್ನು ಸೈನ್ಯ ಒಪ್ಪುವುದಿಲ್ಲ. ಮೊದಲ ದಿನ 'ಸದ್ದಿಲ್ಲ' ಎಂದು ಬರೆದದ್ದಕ್ಕೆ ಅದು ಅಪೂರ್ಣವೆಂಬ ಷರಾದೊಂದಿಗೆ ವಾಪಸ್ಸು ಬಂತು. ಎರಡನೆಯ ದಿನದಿಂದ ಕತ್ಬರ್ಟ್ ತನಗೆ ಗೊತ್ತಿದ್ದ ಒಂದೇ ನೆಲದಡಿಯ ಲೋಕವನ್ನು ಬರೆಯತೊಡಗಿದ. ಕೆಲ್ಡರ್‌ಲಾದ ಮೂರನೆಯ ಪದರ. ಎಡಕ್ಕೆ ತಿರುಗುವ ಮುಖ್ಯದಾರಿ. ಅದರಿಂದ ಹೊರಡುವ ಕವಲುಗಳು. ಬಂಡಿ ಎಳೆಯುವ ಕುದುರೆಗಳ ಲಾಯದ ಹತ್ತಿರದ ಬಾಗು. ಮುಂಚೂಣಿಯ ಹಿಂದಿನ ಕಚೇರಿಯಲ್ಲಿ ಕರ್ನಲ್ ಈ ವರದಿಗಳನ್ನು ಜೋಡಿಸಿ ಕೆಂಪು ಶಾಯಿಯಲ್ಲಿ ಶತ್ರು ಸುರಂಗಗಳ ನಕ್ಷೆ ಬರೆಸಿದ. ನಕ್ಷೆ ಮುಗಿದ ದಿನ ಅದನ್ನು ದೂರ ಹಿಡಿದು ನೋಡಿ, "ಜರ್ಮನರು ಜರ್ಮನರೇ ಕಣಯ್ಯ! ಎಂಥ ಅಚ್ಚುಕಟ್ಟು! ನಮ್ಮ ಗಣಿಗಳೂ ಹೀಗಿದ್ದಿದ್ರೆ!" ಎಂದನಂತೆ.

1916ರ ಅಕ್ಟೋಬರಿನ ಒಂದು ಬೆಳಿಗ್ಗೆ, ಹತ್ತು ಗಂಟೆಯ ನಮೂನೆಗೆ ಕುದುರೆ ಲಾಯದ ಬಾಗನ್ನೇ ಮತ್ತೆ ಬರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಕತ್ಬರ್ಟನ ಹಲ್ಲಿಗೆ ಮೂರು ನಿಧಾನವಾದ ಬಡಿತಗಳು ತಾಗಿದವು.

ಅವನು ಪಿಕಾಸಿ ತಿರುಗಿಸಿ ಮೂರು ಬಡಿದ.

ಆಮೇಲೆ, ತಾನು ಎಲ್ಲಿದ್ದೇನೆಂಬುದು ಅವನಿಗೆ ನೆನಪಾಯಿತು. ಆಚೆಯವನಿಗೂ ಅದೇ ಕ್ಷಣದಲ್ಲಿ ನೆನಪಾಗಿರಬೇಕು. ಬಂಡೆ ಎರಡೂ ಕಡೆ ಉಸಿರು ಬಿಗಿಹಿಡಿದು ಮೌನವಾಯಿತು. ನೆಲದ ಮೇಲೆ ಎರಡು ಸಾಮ್ರಾಜ್ಯಗಳು ಪರಸ್ಪರರ ಹೆಸರೆತ್ತಲೂ ನಿರಾಕರಿಸಿದ್ದವು. ನೆಲದ ಕೆಳಗೆ ಇಬ್ಬರು ಗಣಿಯವರು ಕುಶಲ ವಿಚಾರಿಸಿಕೊಂಡಿದ್ದರು.

ಸುರಂಗದ ತುದಿಯಿಂದ ಸೆಪ್ ತೆವಳಿ ಬಂದು ಭಾವನ ಬಲಗಿವಿಗೆ ಬಾಯಿಟ್ಟ.

"ಏನ್ ಭಾವ, ಮುಖ ಸುಣ್ಣ ಬಳ್ದಂಗಿದೆ?"

"ಸುಣ್ಣದೊಳಗೇ ಕೂತಿದೀನಲ್ಲ."

"ತಮಾಷೆ ಬೇಡ. ಈಗ ಬಡ್ದಿದ್ದು ಯಾರು?"

"ಅವ್ನು."

"ಅದು ಗೊತ್ತು. ಆಮೇಲೆ ಬಡ್ದಿದ್ದು?"

ಕತ್ಬರ್ಟ್ ತನ್ನ ಕೈಯಲ್ಲಿದ್ದ ಪಿಕಾಸಿಯನ್ನು ಬೇರೆ ಯಾರೋ ಇಟ್ಟುಹೋದದ್ದೆಂಬಂತೆ ನೋಡಿದ.

"ಅಯ್ಯೋ ಪುಣ್ಯಾತ್ಮ! ಜರ್ಮನ್ನಿಗೆ ಬಾಗ್ಲು ತೆಗ್ದಿದೆ ಬಾ ಅಂದ್ಯಾ?"

"ಕೈ ತಾನಾಗೇ ಹೋಯ್ತು ಕಣೋ. ಮೂವತ್ತು ವರ್ಷ ಆಯ್ತು ಈ ಕೆಲ್ಸಕ್ಕೆ ಬಂದು. ಮೂರು ಬಡಿದ್ರೆ ಮೂರು ಬಡೀದೆ ಹೆಂಗಿರೋದು? ಎದುರಿಗೆ ಬಂದೋನು ಚೆನ್ನಾಗಿದೀಯಾ ಅಂದಾಗ..."

"ಎದುರಿಗೆ ಬಂದೋನು ಜರ್ಮನ್ನು!"

"ಗಣಿಯೋನು," ಎಂದ ಕತ್ಬರ್ಟ್.

"ಅದನ್ನ ಕೋರ್ಟಿನಲ್ಲಿ ಹೇಳು. ಶತ್ರುವಿಗೆ ಸನ್ನೆ ಮಾಡ್ದ ಅಂತ ಬರ್ದು, ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ. ಅಕ್ಕಂಗೆ ನಾನೇನ್ ಹೇಳ್ಲಿ?"

"ಕಿವಿ ಚೆನ್ನಾಗಿತ್ತು, ಕೈ ಕೆಟ್ಟದ್ದು ಅನ್ನು."

ಸೆಪ್ ನಗಲಿಲ್ಲ. ಅಪಾಯ ಭಾವನ ತಲೆಯ ಮೇಲೆ ಮಾತ್ರ ಇರಲಿಲ್ಲ. ಆಚೆಯವನಿಗೆ ಈಗ ಇವರ ಸುರಂಗ ಎಲ್ಲಿದೆಯೆಂದು ಗೊತ್ತಾಗಿತ್ತು. ಅದರ ತುದಿಯಲ್ಲಿ ಇದ್ದದ್ದು ಸೆಪ್, ಮತ್ತು ಹಾನಾ ಎಣಿಸಿ ಕಳಿಸಿದ್ದ ಅವನ ಹತ್ತು ಬೆರಳು. ಹೇಳದಿದ್ದರೆ ಮೈದುನ ಸಾಯಬಹುದು. ತಿಳಿದದ್ದು ಹೇಗೆಂದು ಹೇಳಿದರೆ ತಾನು ಸಾಯುವುದು ಖಂಡಿತ. ಹಾವೂ ಸಾಯದ, ಕೋಲೂ ಮುರಿಯದ ಒಂದು ದಾರಿ ಹುಡುಕುತ್ತ ಕತ್ಬರ್ಟ್ ಗುಂಡಿಯ ಏಣಿ ಹತ್ತಿದ.

"ಸಾರ್, ಅವ್ರು ಆಚೆ ಇದಾರೆ. ಮೂವತ್ತಡಿ ಇರಬಹುದು."

ಪೆನ್‌ಹಾಲೋ ನಮೂನೆಯಿಂದ ತಲೆಯೆತ್ತಿದ. "ಇದಾರೆ ಅಂತ ಎರಡು ತಿಂಗಳಿಂದ ನೀನೇ ಬರೀತಿದೀಯಲ್ಲ."

"ಇದು ನಿಜವಾಗ್ಲೂ ಸಾರ್."

"ಅಂದ್ರೆ?"

"ಅಂದ್ರೆ... ಇನ್ನೂ ಹೆಚ್ಚು ನಿಜ, ಸಾರ್."

ಎರಡು ತಿಂಗಳ ಕಟ್ಟುಕತೆಯನ್ನು ಕಣ್ಣು ಮಿಟುಕಿಸದೆ ನಂಬಿದ್ದ ಲೆಫ್ಟಿನೆಂಟನಿಗೆ ಮೊದಲ ಸತ್ಯ ಕೇಳಿದಾಗ ಸಂಶಯ ಬಂತು. ಖುದ್ದಾಗಿ ಇಳಿದು, ಕೊಳವೆಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕಾಲು ಗಂಟೆ ಕೂತ. ಆಚೆಯವನು ಉಗುರನ್ನೂ ಅಲುಗಿಸುತ್ತಿರಲಿಲ್ಲ. ಆದರೂ ಪೆನ್‌ಹಾಲೋ ಮೇಲೆ ಬಂದಾಗ ಅವನ ಕೆನ್ನೆ ಕೆಂಪೇರಿತ್ತು.

"ಕೇಳಿದೆ! ಒಂದೇ ಸಮನೆ ಡಬ್, ಡಬ್, ಡಬ್. ಭಾರಿ ಯಂತ್ರ ತಂದಿದಾರೆ!"

ಅದು ಅವನ ಎದೆಬಡಿತ. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಂದಿದ್ದರೂ ಕತ್ಬರ್ಟನಿಗೆ ಅದರಿಂದ ಲಾಭವಿರಲಿಲ್ಲ. ಎರಡು ದಿನದೊಳಗೆ ಶತ್ರು ಸುರಂಗವನ್ನು ಒಡೆಯಬೇಕೆಂದು ಹುಕುಂ ಬಂತು. ಆ ಎರಡು ದಿನ ಸುರಂಗದ ತುದಿಯಲ್ಲಿ ಅಗೆತ ನಿಂತಿತು. ಮೇಲೆ ಹುಲ್ಲುಗರಿಯೂ ಅಲುಗದಂತೆ, ಆಚೆಯವರ ಸುರಂಗವನ್ನು ನೆಲದೊಳಗೇ ಹಿಚುಕುವಷ್ಟು ಮದ್ದು ಇಟ್ಟು, ಸಿಡಿತ ಈಚೆಗೆ ನುಗ್ಗದಂತೆ ಮಣ್ಣಿನ ಮೂಟೆಗಳನ್ನು ಪೇರಿಸಿದರು. ಸಿಡಿಸುವುದು ಮಧ್ಯಾಹ್ನ ಎರಡಕ್ಕೆ. ಅದಕ್ಕೆ ಮುನ್ನ ಕೊನೆಯ ಬಾರಿ ಆಲಿಸಿ ಹೊರಬರಬೇಕಾದವನು ಕತ್ಬರ್ಟ್.

ಏಣಿಯ ಬುಡದಲ್ಲಿ ಸೆಪ್ ಅವನ ತೋಳು ಹಿಡಿದ. "ಭಾವ, ಬೇಡ."

"ಏನ್ ಬೇಡ?"

"ಬಾಯಿಬಿಟ್ಟು ಹೇಳ್ಬೇಕಾ? ಅವ್ನೂ ಮದ್ದು ಇಟ್ಕೊಂಡು ಕೂತಿದ್ರೆ? ನೀನು ಬಡಿದ್ ತಕ್ಷಣ ಅವ್ನೇ ಮೊದ್ಲು ಹಚ್ಚಿದ್ರೆ?"

"ಗೂಡಿನಲ್ಲಿರೋನು ನಾನೊಬ್ನೇ. ನೀವೆಲ್ಲ ಮೇಲಿರ್ತೀರಿ."

"ಜರ್ಮನ್ನಿಗೋಸ್ಕರ ಸಾಯ್ತೀಯ?"

"ಜರ್ಮನ್ನಿಗಲ್ಲ ಕಣೋ." ಕತ್ಬರ್ಟ್ ತೋಳು ಬಿಡಿಸಿಕೊಂಡ. "ನಮ್ಮಪ್ಪಂಗೆ ಬಡೀದೆ ಹಾರ್ಸಿದೋನ ಮುಖ ನಂಗೆ ಇನ್ನೂ ನೆನಪಿದೆ. ದಿನಾ ಬೆಳಿಗ್ಗೆ ಗಡ್ಡ ಹೆರೆಯೋವಾಗ ಕನ್ನಡೀಲಿ ಅವನ ಮುಖ ನೋಡೋಕೆ ನನ್ ಕೈಲಾಗಲ್ಲ."

ಅವನು ಗೂಡಿಗೆ ಹೋಗಿ ಒಂದು ಬಡಿದ; ತಡೆದ; ಬಿರುಸಾಗಿ ಆರು ಬಡಿದ. ಆಚೆಯಿಂದ ಉತ್ತರವೇನೂ ಬರಲಿಲ್ಲ. ಎರಡು ಗಂಟೆಗೆ ನೆಲ ಒಮ್ಮೆ ಬಿಕ್ಕಿತು. ಪೆನ್‌ಹಾಲೋ ತನ್ನ ವರದಿಯಲ್ಲಿ ಶತ್ರುವಿನ ಕಡೆ ಸತ್ತವರು ಎಂಟು ಮಂದಿ ಇರಬಹುದೆಂದ. ಕರ್ನಲ್ ಅದನ್ನು ಇಪ್ಪತ್ತು ಮಾಡಿದ. ಇನ್ನೂ ಹಿಂದಿನ ಕಚೇರಿ, ಅಲ್ಲಿ ಸುರಂಗವನ್ನೇ ಕಂಡವರಿರಲಿಲ್ಲವಾದ್ದರಿಂದ, ನಲವತ್ತರಲ್ಲಿ ನಿಲ್ಲಿಸಿತು. ನಿಜವಾಗಿ ಸತ್ತವರೆಷ್ಟೆಂದು ತಿಳಿದಿದ್ದ ಒಬ್ಬನೇ ಒಬ್ಬ ಆಚೆ ಇದ್ದ. ಅವನ ಉತ್ತರ ಬಂದದ್ದು ಮೂರು ವಾರದ ಮೇಲೆ.

ಅಷ್ಟರಲ್ಲಿ ಬೇರೆ ದಿಕ್ಕಿಗೆ ಹೊಸ ಸುರಂಗ ಹೊರಟಿತ್ತು. ಹೊಸ ಗೂಡು, ಹೊಸ ನಮೂನೆ. ಬೆಳಿಗ್ಗೆ ಹನ್ನೊಂದರ ಸಮಯ. ಸೆಪ್ ಮತ್ತು ಆರು ಮಂದಿ ತುದಿಯಲ್ಲಿದ್ದರು. ಕತ್ಬರ್ಟ್ ಪಿಕಾಸಿಯ ಕಾವು ಕಚ್ಚಿಕೊಂಡು, ತನ್ನ ಹಿತ್ತಿಲಿನ ಲೀಕ್ ಈರುಳ್ಳಿಗೆ ಹಾನಾ ಗೊಬ್ಬರ ಹಾಕಿದ್ದಾಳೋ ಇಲ್ಲವೋ ಎಂದು ಚಿಂತಿಸುತ್ತಿದ್ದ. ಹಲ್ಲಿಗೆ ಒಂದು ಬಡಿತ ತಾಗಿತು. ಬಿಡುವು. ಆಮೇಲೆ ಬಿರುಸಾಗಿ ಆರು.

ಕಾವನ್ನು ಉಗಿದು, ಮೊಣಕಾಲಿನ ಮೇಲೆ ತೆವಳುತ್ತ ತುದಿಗೆ ಹೋದ.

"ಹೊರಡ್ರೋ."

"ಯಾರ್ ಹೇಳಿದ್ದು, ಸಾಹೇಬ್ನಾ?" ಎಂದ ಸೆಪ್.

"ಬಂಡೆ."

ಏಳು ಮಂದಿಯಲ್ಲಿ ಒಬ್ಬನೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕೆಲಸ ಇದ್ದಲ್ಲಿಯೇ ಬಿತ್ತು. ಸುರಂಗದಲ್ಲಿ ಸದ್ದಾಗಬಾರದೆಂದು ಎಲ್ಲರೂ ಉಣ್ಣೆಯ ಕಾಲುಚೀಲದಲ್ಲಿ ಇರುತ್ತಿದ್ದರು. ಬೂಟುಗಳು ಗುಂಡಿಯ ಬುಡದಲ್ಲಿ, ಏಣಿಯ ಪಕ್ಕ ಸಾಲಾಗಿ ಕಾಯುತ್ತಿದ್ದವು. ಸುರಂಗದಲ್ಲಿ ಬೂಟು ಹಾಕುವುದು ಅಪರಾಧ. ಬೂಟಿಲ್ಲದೆ ಕಂದಕಕ್ಕೆ ಏರುವುದು ಅದಕ್ಕಿಂತ ದೊಡ್ಡ ಅಪರಾಧ. ಏಣಿಗೆ ಅಡ್ಡವಾಗಿ ಪೆನ್‌ಹಾಲೋ ನಿಂತಿದ್ದ.

"ಇದೇನಿದು? ಯಾರ ಅಪ್ಪಣೆ ಮೇಲೆ ಬಂದ್ರಿ?"

"ಆಚೆಯೋರು ಸಿಡಿಸ್ತಾರೆ ಸಾರ್. ಈಗ್ಲೇ," ಎಂದ ಕತ್ಬರ್ಟ್.

"ಯಾವ ದಿಕ್ಕು? ಎಷ್ಟು ಅಡಿ? ನಮೂನೆ ಎಲ್ಲಿ?"

"ಬರೀಲಿಲ್ಲ ಸಾರ್."

"ಬರೀಲಿಲ್ವಾ!" ಪೆನ್‌ಹಾಲೋನ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಿನ್ನಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ ಹೆಸ್ಲಪ್. ಎಲ್ರೂ ವಾಪಸ್ ನಡೀರಿ. ಮೊದ್ಲು ಒಂದು ಗಂಟೆ ಆಲಿಸಿ ಬರಿ, ಆಮೇಲೆ ನಾನು ಕರ್ನಲ್‌ಗೆ ಕೇಳ್ತೀನಿ, ಆಮೇಲೆ ನೋಡೋಣ."

ಯಾರೂ ಅಲುಗಲಿಲ್ಲ. ಅಪ್ಪಣೆ ಮೀರುವುದಕ್ಕೆ ಶಿಕ್ಷೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಆಗ ಸೆಪ್ ನೆಲದ ಮೇಲೆ ಕೂತು ತನ್ನ ಬೂಟನ್ನು ಹತ್ತಿರಕ್ಕೆ ಎಳೆದುಕೊಂಡ.

"ಏನ್ ಮಾಡ್ತಿದೀಯ ಲಿಡಲ್?"

"ಬೂಟು ಹಾಕ್ಕೋತಿದೀನಿ ಸಾರ್. ಸಾಹೇಬ್ರ ಮುಂದೆ ಕಾಲುಚೀಲದಲ್ಲಿ ನಿಲ್ಲಬಾರ್ದು ಅಂತ ನೀವೇ ಸೋಮವಾರ ಗೋಡೆ ಮೇಲೆ ಅಂಟಿಸಿದ್ರಿ."

ಪೆನ್‌ಹಾಲೋ ಬಾಯಿ ತೆರೆದು ಮುಚ್ಚಿದ. ಆ ಸುತ್ತೋಲೆಗೆ ರುಜು ಹಾಕಿದವನು ಅವನೇ. "ಸರಿ. ಹಾಕ್ಕೊಳ್ಳಿ. ಸರಿಯಾಗಿ ಕಟ್ಟಿ. ಆಮೇಲೆ ಬಿಚ್ಚಿ ಒಳಗೆ ಹೋಗಿ."

ಡರ್ಹಮ್ ಸೀಮೆಯ ಏಳು ಗಣಿಯವರು ಅಂದು ಬೂಟಿನ ಲಾಡಿ ಕಟ್ಟಿದ ಹಾಗೆ ಮದುವಣಗಿತ್ತಿಯ ಜಡೆಯನ್ನೂ ಯಾರೂ ಹೆಣೆದಿರಲಾರರು. ಸೆಪ್ ಒಂದು ಗಂಟು ಹಾಕಿ, ಅದು ಓರೆಯಾಯಿತೆಂದು ಬಿಚ್ಚಿ, ಎರಡನೆಯ ಸಲ ಕಟ್ಟಿ, ಪಕ್ಕದವನ ಅಭಿಪ್ರಾಯ ಕೇಳಿದ.

"ಎಡಗಡೇದು ಸ್ವಲ್ಪ ಬಿಗಿ ಆಯ್ತೇನೋ?"

"ನಂಗೂ ಹಂಗೇ ಕಾಣ್ತು. ಬಿಚ್ಚು."

"ಬೇಗ!" ಎಂದ ಪೆನ್‌ಹಾಲೋ.

"ಬೇಗ ಕಟ್ಟಿದ್ರೆ ಬೇಗ ಬಿಚ್ಚೋಗುತ್ತೆ ಸಾರ್," ಎಂದ ಸೆಪ್. ಅವನ ಮಾತು ಮುಗಿಯುವುದಕ್ಕೂ ಬಂಡೆ ಕುಪ್ಪಳಿಸುವುದಕ್ಕೂ ಸರಿಹೋಯಿತು. ಮೇಣದಬತ್ತಿಗಳೆಲ್ಲ ಆರಿದವು. ಸುರಂಗದ ಕಡೆಯಿಂದ ಬಿಳಿ ಧೂಳಿನ ಗೋಡೆಯೊಂದು ಬಂದು ಎಲ್ಲರನ್ನೂ ಒಂದೇ ಬಣ್ಣಕ್ಕೆ ತಂದಿತು. ವಿಷಗಾಳಿ ಹಿಂದೆಯೇ ಬರುತ್ತದೆಂದು ತಿಳಿದಿದ್ದ ಅವರು ಏಣಿ ಹತ್ತಿ, ಮುಂದೆ ಹತ್ತಲಾರದೆ ನಿಂತಿದ್ದ ಪೆನ್‌ಹಾಲೋನನ್ನೂ ತಳ್ಳಿ ಮೇಲೆ ತಂದರು. ಅವರು ಅಗೆಯುತ್ತಿದ್ದ ಜಾಗದಲ್ಲಿ ಈಗ ಸುರಂಗವೇ ಇರಲಿಲ್ಲ. ಕತ್ಬರ್ಟ್ ಹಗಲಿನ ಬೆಳಕಿನಲ್ಲಿ ಮೈದುನನ ಎರಡು ಕೈಗಳನ್ನೂ ತಿರುಗಿಸಿ ಬೆರಳು ಎಣಿಸಿದ.

"ಹತ್ತೇ ಇದೆ ಬಿಡು ಭಾವ. ಬೆಳಿಗ್ಗೆನೂ ಅಷ್ಟೇ ಇದ್ವು."

ಆಚೆಯವನು ಬಡಿದದ್ದು ಅವನ ಅಧಿಕಾರಿಗೆ ತಿಳಿಯಿತೋ, ತಿಳಿದಿದ್ದರೆ ಅವನಿಗೇನಾಯಿತೋ, ಕತ್ಬರ್ಟನಿಗೆ ಎಂದೂ ತಿಳಿಯಲಿಲ್ಲ. ಆ ಗೋಡೆಯಲ್ಲಿ ಮತ್ತೆ ಬಡಿತ ಬರಲಿಲ್ಲ.

ನಮೂನೆ ತುಂಬದೆ ಎಂಟು ಜೀವ ಉಳಿಸಿದವನಿಗೆ ಶಿಕ್ಷೆ ಕೊಡುವುದೋ ಪದಕ ಕೊಡುವುದೋ ಎಂಬ ಪ್ರಶ್ನೆ ಸೈನ್ಯವನ್ನು ಎರಡು ವಾರ ಕಾಡಿತು. ಆ ಎಂಟರಲ್ಲಿ ಒಬ್ಬ ಲೆಫ್ಟಿನೆಂಟನೂ ಇದ್ದುದರಿಂದ ಅದು ಪದಕದ ಕಡೆಗೆ ವಾಲಿತು. ಕರ್ನಲ್ ತಾನೇ ಬಂದು, ದುರದೃಷ್ಟವಶಾತ್ ಕತ್ಬರ್ಟನ ಎಡಗಡೆ ನಿಂತು, ಅಂದು ಅವನಿಗೆ ಕೇಳಿಸಿದ್ದು ಸರಿಯಾಗಿ ಏನೆಂದು ವಿಚಾರಿಸಿದ. ಕತ್ಬರ್ಟ್ ದಿಗಂತ ನೋಡುತ್ತ ನಿಂತ.

"ಎಷ್ಟು ವಿನಯ ನೋಡಿ!" ಎಂದ ಕರ್ನಲ್.

ಆಲಿಸುವವರಿಗೆಂದೇ ತೆರೆದ ಶಾಲೆಗೆ ಅವನನ್ನು ಗುರುವಾಗಿ ಕಳಿಸುವ ಯೋಚನೆಯಾಯಿತು. ಅದಕ್ಕೆ ಮೊದಲು, ಆ ಅಪರೂಪದ ಕಿವಿಗಳನ್ನು ಅಳೆದು ದಾಖಲೆ ಮಾಡಲು ತಜ್ಞ ವೈದ್ಯನೊಬ್ಬ ಬಂದ. ಅವನು ಪ್ರಾಮಾಣಿಕ; ಒಂದು ಕಿವಿ ಪೂರ್ತಿ ಕಿವುಡು, ಇನ್ನೊಂದು ಅರ್ಧ ಎಂದು ಬರೆದ. ಪದಕದ ಆಜ್ಞೆ ಆಗಲೇ ಅಚ್ಚಾಗಿತ್ತು. ಕಿವುಡನಿಗೆ ಶ್ರವಣಶಕ್ತಿಗಾಗಿ ಪದಕ ಕೊಟ್ಟ ಸೈನ್ಯವೆನಿಸಿಕೊಳ್ಳುವುದಕ್ಕಿಂತ ವೈದ್ಯನನ್ನು ವರ್ಗ ಮಾಡುವುದು ಸುಲಭವಾಗಿತ್ತು. ಶಾಲೆಯ ಯೋಚನೆ ಅಲ್ಲಿಗೇ ನಿಂತಿತು, ಮತ್ತು ಕತ್ಬರ್ಟ್ ಸೆಪ್‌ನ ಹತ್ತಿರವೇ ಉಳಿದ. 1919ರ ಫೆಬ್ರವರಿಯಲ್ಲಿ ಅವನನ್ನು ಹತ್ತು ಬೆರಳಿನ ಸಮೇತ ಹಾನಾಳ ಅಡುಗೆಮನೆಯಲ್ಲಿ ತಂದು ನಿಲ್ಲಿಸಿದ. ಹಾನಾ ಎಣಿಸಿಯೇ ಚಹಾ ಕೊಟ್ಟಳು.

1925ರಲ್ಲಿ ಕೆಲ್ಡರ್‌ಲಾ ಗಣಿಗೆ ಹೊಸ ಮ್ಯಾನೇಜರ್ ಬಂದ. ಗೊತ್ತಾದ ಹೊತ್ತಿಗೆ ಮದ್ದು ಹಾರಿಸಲು ವಿದ್ಯುತ್ ಗಡಿಯಾರ ತರಿಸಿದ. ಹೊತ್ತು ಗೊತ್ತಿರುವಾಗ ಬಡಿಯುತ್ತ ಕೂರುವುದು ಕೆಲಸಗಳ್ಳತನವೆಂದು ಬಡಿತವನ್ನು ನಿಷೇಧಿಸಿದ. ಏಳನೆಯ ವಾರದಲ್ಲಿ ಗಡಿಯಾರ ಆರು ನಿಮಿಷ ಮುಂದೆ ಓಡಿತು. ಸೆಪ್‌ನ ಎಡಗೈಯ ಮೂರು ಬೆರಳು ಗೋಡೆಯ ಆಚೆಯಿಂದ ಬಂದ ಸಿಡಿತಕ್ಕೆ ಹೋದವು. ಸಭಾಭವನದಲ್ಲಿ ವಿಚಾರಣೆ ನಡೆಯಿತು. ಅರ್ಧ ಊರು ನೆರೆದಿತ್ತು.

"ಗಡಿಯಾರ ನೋಡ್ಕೊಳ್ಳೋದು ನಿನ್ನ ಜವಾಬ್ದಾರಿ ಆಗಿತ್ತಲ್ವೇನಪ್ಪ?" ಎಂದ ಮ್ಯಾನೇಜರ್.

ಸೆಪ್ ಬಟ್ಟೆ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟ. "ಮೂರು ವರ್ಷ ಜರ್ಮನ್ನರು ನನ್ನ ಕೊಲ್ಲೋಕೆ ನೋಡಿದ್ರು ಸಾರ್. ಅವ್ರು ಸಿಡಿಸೋಕೆ ಮುಂಚೆ ಬಡ್ದು ಹೇಳಿದ್ರು. ನೀವು ಹೇಳ್ಲಿಲ್ಲ."

"ಏನಂದೆ?"

ಸೆಪ್ ಎಲ್ಲವನ್ನೂ ಹೇಳಿದ: ಮೂರು ಬಡಿತ, ಆರು ಬಡಿತ, ಸತ್ತ ಕಿವಿ, ಕುದುರೆ ಲಾಯದ ನಕ್ಷೆ. ಕತ್ಬರ್ಟ್ ಮೊದಲ ಸಾಲಿನಲ್ಲಿ ಕೂತಿದ್ದ. ಮೈದುನನ ತುಟಿ ನೋಡುತ್ತ ನೋಡುತ್ತ ಅವನ ಮುಖ ಮತ್ತೆ ಸೀಮೆಸುಣ್ಣದ ಬಣ್ಣಕ್ಕೆ ಬಂತು. ಗುಂಡು ಹೊಡೆಯುವವರು ಒಂಬತ್ತು ವರ್ಷ ತಡವಾಗಿಯಾದರೂ ಬಂದರೆಂದು ಅವನು ಎರಡೂ ಕೈ ಮಡಿಲಲ್ಲಿಟ್ಟು ಕಾದ.

ಯಾರೂ ಬರಲಿಲ್ಲ. ಜರ್ಮನರನ್ನು ಹೊಗಳುವುದು ವಿಚಾರಣೆಯ ವಿಷಯವಲ್ಲವೆಂದು ಮ್ಯಾನೇಜರ್ ಕಡತ ಮುಚ್ಚಿದ. ಊರು ತಲೆ ತಗ್ಗಿಸಿ ಹೊರನಡೆಯಿತು. ಅಂದು ಸಂಜೆ ಕ್ಲಬ್ಬಿನಲ್ಲಿ, ನೋವಿಗೆಂದು ಕೊಟ್ಟ ಔಷಧ ಪಾಪ ಸೆಪ್‌ನ ತಲೆಗೇರಿದೆಯೆಂದು ಎಲ್ಲರೂ ಒಪ್ಪಿಕೊಂಡರು. ಎರಡನೆಯ ಲೋಟಕ್ಕೆ ಗಡ್ಡದ ಕತೆ ಮತ್ತೆ ಬಂತು. ಆ ಸಲ ಅದು ಮೂರು ದಿನದ ಗಡ್ಡವಾಗಿತ್ತು. ಹಾನಾ ಮಾತ್ರ ತಮ್ಮನ ಮಾತನ್ನು ನಂಬಿದಳು. ಗಂಡನ ಮುಂದೆ ತಟ್ಟೆ ಇಡುತ್ತ ಮೇಜು ಬಡಿದು ಹೇಳಿದಳು: "ಅಲ್ಲಿಂದ ನೀನು ಹತ್ತು ಬೆರಳೂ ತಂದಿದ್ದೆ. ನಿನ್ ತಪ್ಪೇನಿಲ್ಲ."

ಈಗ 1936. ಕತ್ಬರ್ಟ್ ಹೆಸ್ಲಪನಿಗೆ ಅರವತ್ತಮೂರು ವರ್ಷ, ಬಲಗಿವಿಯೂ ಹೋಗಿದೆ. ಗಣಿಯ ದೀಪದ ಕೋಣೆಯಲ್ಲಿ ಕೂತು, ಕೆಳಗೆ ಇಳಿಯುವವರಿಗೆ ದೀಪ ಕೊಡುವ ಕೆಲಸ ಮಾಡುತ್ತಾನೆ. ಪದಕ ಹಾನಾಳ ಅಂಗಿಗುಂಡಿಗಳ ಡಬ್ಬಿಯಲ್ಲಿದೆ. ಪ್ರತಿ ನವೆಂಬರಿನಲ್ಲಿ, ಯುದ್ಧ ನಿಂತ ದಿನ, ಶಾಲೆಯಲ್ಲಿ ಅವನು ಆಲಿಸುವ ಕಲೆಯ ಬಗ್ಗೆ ಮಾತನಾಡುತ್ತಾನೆ. ಪ್ರಶ್ನೆ ಬಂದಾಗ ಪಕ್ಕದಲ್ಲಿ ಕೂತ ಸೆಪ್ ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯುವಂತೆ ಏಳು ಬೆರಳಿನಲ್ಲಿ ಒಂದರಿಂದ ಅವನ ಮೊಣಕಾಲು ಒತ್ತುತ್ತಾನೆ. ಈ ವರ್ಷದ ತರಕಾರಿ ಸ್ಪರ್ಧೆಯಲ್ಲಿ ಕತ್ಬರ್ಟನ ಲೀಕ್ ಈರುಳ್ಳಿಗೆ ಎರಡನೆಯ ಬಹುಮಾನ ಬಂದಿದೆ. ಗಡಿಯಾರ ಇನ್ನೂ ಗಣಿಯಲ್ಲಿದೆ, ನಿಷೇಧವೂ ಇದೆ. ಕೆಳಗೆ ಎಲ್ಲರೂ ಬಡಿಯುತ್ತಾರೆ. ಮ್ಯಾನೇಜರನ ಕಚೇರಿ ನೆಲದ ಮೇಲಿರುವುದರಿಂದ ಅವನಿಗೆ ಅದು ಕೇಳಿಸುವುದಿಲ್ಲ.